ಸಂಬಳ ತಿಂಗಳಿಗೊಮ್ಮೆ, ಖರ್ಚು ವರ್ಷದ್ದು

ಧಾರವಾಡ

ಪ್ರೀತಿಯ ಗೆಳೆಯಾ,

ನಿನ್ನ ಪತ್ರದಲ್ಲಿ ಸಂಬಳ, ಬಾಡಿಗೆ, ಬೈಕಿನ ಕಂತು ಎಲ್ಲದರ ಲೆಕ್ಕವಿತ್ತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ನಡುವೆ ಬಂದ ಒಂದೇ ಸಾಲು: ‘ಪೈಸೆ ಪೈಸೆಗೂ ಲೆಕ್ಕ ಬರೆಯತೊಡಗಿದ ಮೇಲೆ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ, ದುಡ್ಡೂ ಉಳಿದಿಲ್ಲ.’ ಇನ್ನು ಏನನ್ನು ಬಿಡಲಿ ಎಂದು ಕೇಳಿದ್ದೀಯ. ಸದ್ಯಕ್ಕೆ ಏನನ್ನೂ ಬಿಡಬೇಡ. ವೈನಿ ಮುಡಿಯುವ ಮಲ್ಲಿಗೆ, ಮಗಳ ಐಸ್‌ಕ್ರೀಮು, ಸಂಜೆ ನೀನು ತಿನ್ನುವ ಗಿರ್ಮಿಟ್ಟು, ಇವುಗಳಿಂದ ನಿನ್ನ ಮನೆ ಸಾಲಕ್ಕೆ ಬಿದ್ದಿಲ್ಲ. ನೀನೇ ಕಳಿಸಿದ ಲೆಕ್ಕವನ್ನು ಮತ್ತೊಮ್ಮೆ ನೋಡು. ಕ್ರೆಡಿಟ್ ಕಾರ್ಡಿನ ಬಾಕಿ ಏರಿರುವುದು ಜೂನ್‌ನಲ್ಲಿ ಒಮ್ಮೆ, ದೀಪಾವಳಿಗೆ ಒಮ್ಮೆ, ಆಮೇಲೆ ಲಗ್ನಗಳು ಸಾಲುಗಟ್ಟುವ ಏಪ್ರಿಲ್-ಮೇ ತಿಂಗಳಲ್ಲಿ. ಉಳಿದ ತಿಂಗಳುಗಳಲ್ಲಿ ನೀವು ಸಂಬಳದೊಳಗೇ ಬದುಕಿದ್ದೀರಿ.

ಒಕ್ಕಲುತನದ ಮನೆಗೆ ದುಡ್ಡು ಬರುವುದು ಸುಗ್ಗಿಯಲ್ಲಿ ಒಮ್ಮೆ, ಹೋಗುವುದು ವರ್ಷವಿಡೀ. ನಮಗೆ ಅದು ತಿರುವುಮುರುವು: ಬರುವುದು ತಿಂಗಳು ತಿಂಗಳು, ಹೋಗುವುದು ಮೂರ್ನಾಲ್ಕು ದೊಡ್ಡ ಗಂಟುಗಳಲ್ಲಿ. ಬೇಕಾದ ಹೊತ್ತಿಗೆ ಕೈಯಲ್ಲಿ ಹಣವಿಲ್ಲದಿದ್ದರೆ ಇಬ್ಬರೂ ಸಾಲ ಕೊಡುವವನ ಬಾಗಿಲಿಗೇ ಹೋಗಬೇಕು. ನಿಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ್ದು ಬಿತ್ತನೆಯ ಹೊತ್ತಿಗೆ ರೈತ ಸಾಹುಕಾರನ ಬಡ್ಡಿಗೆ ಸಿಕ್ಕಿಬೀಳಬಾರದು ಎಂದು. ನಿನ್ನ ಜೇಬಿನಲ್ಲಿರುವ ಕಾರ್ಡು ಆ ಸಾಹುಕಾರನಿಗಿಂತ ಮೃದುವೇನಲ್ಲ. ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ 3ರಿಂದ 3.5 ರೂಪಾಯಿ ಬಡ್ಡಿ. 40,000 ಬಾಕಿಗೆ ತಿಂಗಳಿಗೆ 1,200ರಿಂದ 1,400 ರೂಪಾಯಿ. ಮಲ್ಲಿಗೆ, ಐಸ್‌ಕ್ರೀಮು, ಗಿರ್ಮಿಟ್ಟು ಎಲ್ಲ ಕೂಡಿದರೂ ಅಷ್ಟಾಗುವುದಿಲ್ಲ. ನಿನ್ನ ಹೆಸರಿನಲ್ಲಿ ಒಂದು ಠೇವಣಿ ಇದೆ ಎಂದಿದ್ದೆಯಲ್ಲ, ವರ್ಷಕ್ಕೆ ನೂರಕ್ಕೆ ಆರೋ ಏಳೋ ಬಡ್ಡಿ ಬರುವಂಥದ್ದು? ಅದನ್ನು ಮುರಿಸಿ ಈ ವಾರವೇ ಕಾರ್ಡಿನ ಬಾಕಿ ತೀರಿಸು. ಉಳಿತಾಯ ಮುರಿಯಲು ಮನಸ್ಸು ಹಿಂಜರಿಯುತ್ತದೆ, ಗೊತ್ತು. ಆದರೂ ತೀರಿಸು.

ಆಮೇಲೆ ಒಂದು ಭಾನುವಾರ ವೈನಿಯ ಜೊತೆ ಕುಳಿತು ದೊಡ್ಡದೊಂದು ಹಾಳೆಯ ಮೇಲೆ ಹನ್ನೆರಡು ತಿಂಗಳನ್ನೂ ಬರೆ. ಜೂನ್‌ನಲ್ಲಿ ಶಾಲೆಯ ಶುಲ್ಕ, ಸಮವಸ್ತ್ರ, ರೇನ್‌ಕೋಟು. ಶ್ರಾವಣದಲ್ಲಿ ಪಂಚಮಿ. ಆಮೇಲೆ ಗಣಪತಿ, ದಸರೆ, ದೀಪಾವಳಿಯ ಬಟ್ಟೆ. ಬೈಕಿನ ವಿಮೆ ಯಾವ ತಿಂಗಳಲ್ಲಿ ಬರುತ್ತದೋ ಅಲ್ಲಿ ಅದು. ಬೇಸಿಗೆಯಲ್ಲಿ ಊರ ಜಾತ್ರೆ, ಲಗ್ನಗಳ ಆಹೇರಿ. ಆಹೇರಿಯನ್ನು ಬರೆಯಲು ಮರೆಯಬೇಡ; ಬೀಗರ ಲಗ್ನಕ್ಕೆ ಸೀರೆ, ಟವೆಲ್ಲು ಕೊಡದೆ ಬರಲು ನಮ್ಮ ಕಡೆ ಸಾಧ್ಯವೇ? ಒಟ್ಟು 96,000 ಬಂತೆನ್ನು. ತಿಂಗಳಿಗೆ 8,000 ಆಯಿತು. ಸಂಬಳ ಬಂದ ಮರುದಿನವೇ ಅಷ್ಟು ಹಣ ಬ್ಯಾಂಕಿನ ಒಂದು ವರ್ಷದ ಆರ್.ಡಿ.ಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಹೋಗಲಿ. ಅಂಚೆ ಕಚೇರಿಯ ಆರ್.ಡಿ. 5 ವರ್ಷದ್ದು, ಈ ಕೆಲಸಕ್ಕೆ ಒದಗುವುದಿಲ್ಲ. ಜೂನ್‌ನ ಶುಲ್ಕಕ್ಕೆ ಒಂದು, ಹಬ್ಬ-ಲಗ್ನಕ್ಕೆ ಇನ್ನೊಂದು ಎಂದು ಬೇರೆ ಬೇರೆ ಮಾಡಿದರೆ ಇನ್ನೂ ಒಳ್ಳೆಯದು. ಓಣಿಯವರು ಕೂಡಿ ನಡೆಸುವ ಚೀಟಿಯಲ್ಲಿ, ಅದೇ ಭಿಶಿಯಲ್ಲಿ, ಮಾತ್ರ ಶಾಲೆಯ ದುಡ್ಡನ್ನು ಇಡಬೇಡ. ಜನ ಒಳ್ಳೆಯವರೇ ಇರಬಹುದು, ಆದರೆ ಮಧ್ಯದಲ್ಲಿ ಒಬ್ಬರು ಕೈಬಿಟ್ಟರೆ ಕೇಳಲು ಕಾಗದಪತ್ರ ಇರುವುದಿಲ್ಲ. ಎಂಟು ಸಾವಿರವನ್ನು ಒಮ್ಮೆಗೇ ತೆಗೆದಿಡಲು ಆಗದಿದ್ದರೆ ಮೊದಲ ವರ್ಷ ಶುಲ್ಕ ಮತ್ತು ದೀಪಾವಳಿ, ಇವೆರಡಕ್ಕಷ್ಟೇ ಕಟ್ಟು.

ದಿನಸಿಯಲ್ಲಿ ಉಳಿಸಬೇಕೆಂದಿದ್ದರೆ ಅದೂ ವರ್ಷದ ಲೆಕ್ಕದಲ್ಲೇ ಇದೆ. ಸುಗ್ಗಿ ಮುಗಿಯುತ್ತಿದ್ದಂತೆ ಹೊಸ ಜೋಳ ಬರುತ್ತದೆ, ಬ್ಯಾಡಗಿ ಮೆಣಸಿನಕಾಯಿಯೂ ಆ ಹೊತ್ತಿಗೇ ಪೇಟೆಗೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಜೋಳವನ್ನು ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಎಲೆ ಬೆರೆಸಿ ತುಂಬಿಡುತ್ತೇವೆ. ಬ್ಯಾಡಗಿಯಲ್ಲೇ ಡಬ್ಬಿ, ಕಡ್ಡಿ ಎಂಬ ಎರಡೂ ಬಗೆಯ ಮೆಣಸಿನಕಾಯಿ ತಂದು, ತೊಟ್ಟು ಬಿಡಿಸಿ ಗಿರಣಿಯಲ್ಲಿ ಕುಟ್ಟಿಸಿದರೆ ಪೊಟ್ಟಣದ ಖಾರದಪುಡಿಯ ಗೊಡವೆಯೇ ಇಲ್ಲ. ಬಣ್ಣ, ರುಚಿ ಎರಡೂ ಹೆಚ್ಚು. ಅಂಥ ರೊಟ್ಟಿ-ಪಲ್ಯ ತಿನ್ನುವ ಮನೆಗೆ ಬಡತನದ ಭಾವ ಬರುವುದಿಲ್ಲ.

ಇನ್ನು ನಿನ್ನ ಪತ್ರದಲ್ಲಿ ನನ್ನನ್ನು ನೋಯಿಸಿದ ವಿಷಯ. ವೈನಿ ಬಳೆ ತಂದ ದಿನ ಮೊಬೈಲಿನಲ್ಲಿ ಬರೆದುಕೊಳ್ಳಲೆಂದು ಬೆಲೆ ಕೇಳಿದೆ, ಅವರು ಮಾತಾಡದೆ ಒಳಗೆ ಹೋದರು ಎಂದೆಯಲ್ಲ. ಕಡಿಮೆ ಖರ್ಚು ಮಾಡುವುದು ಯಾರಿಗೂ ಅಷ್ಟು ಚುಚ್ಚುವುದಿಲ್ಲ ಗೆಳೆಯಾ, ಪ್ರತಿಯೊಂದಕ್ಕೂ ಉತ್ತರ ಕೊಡಬೇಕಾಗಿ ಬಂದಾಗ ಚುಚ್ಚುತ್ತದೆ. ನಮ್ಮ ಅವ್ವಂದಿರು ಸಾಸಿವೆ ಡಬ್ಬಿಯಲ್ಲಿ ನೋಟು ಬಚ್ಚಿಡುತ್ತಿದ್ದರು. ಅದನ್ನು ಜಾಣತನವೆಂದು ಹೊಗಳುತ್ತೇವೆ. ಕೇಳದೆ ಖರ್ಚು ಮಾಡುವ ಹಕ್ಕು ಅವರಿಗೆ ಇರಲಿಲ್ಲ, ಅದಕ್ಕೇ ಬಚ್ಚಿಟ್ಟರು. ಆ ಡಬ್ಬಿ ನಿನ್ನ ಮನೆಗೆ ಬರುವುದು ಬೇಡ. ವರ್ಷದ ಗಂಟು, ಬಾಡಿಗೆ, ದಿನಸಿ ತೆಗೆದಿಟ್ಟ ಮೇಲೆ ತಿಂಗಳ ಮೊದಲಲ್ಲೇ ನಿನಗೊಂದು ಸಾವಿರ, ವೈನಿಗೊಂದು ಸಾವಿರ ಬೇರೆ ಇಡಿ. ಆಗದಿದ್ದರೆ ಐನೂರೇ ಇರಲಿ, ಆದರೆ ಇಬ್ಬರದೂ ಸಮ ಇರಬೇಕು. ಗಳಿಸುವವನು ನೀನು ಎಂಬ ಮಾತು ಇಲ್ಲಿ ಬರಬಾರದು. ಆ ಹಣಕ್ಕೆ ಲೆಕ್ಕವಿಲ್ಲ, ಪ್ರಶ್ನೆಯಿಲ್ಲ. ಅವರು ಬಳೆ ಕೊಳ್ಳಲಿ, ಕೂಡಿಟ್ಟು ಇಳಕಲ್ ಸೀರೆ ತರಲಿ, ತವರಿಗೆ ಕಳಿಸಲಿ. ಮಗಳ ಕೈಗೂ ಸ್ವಲ್ಪ ಕೊಡು. ತನ್ನ ದುಡ್ಡಿನಲ್ಲಿ ಇವತ್ತು ಐಸ್‌ಕ್ರೀಮೋ ನಾಳೆ ಬಣ್ಣದ ಪೆನ್ಸಿಲ್ಲೋ ಎಂದು ಅವಳೇ ಯೋಚಿಸಲಿ.

ಈ ಸಲ ಪಂಚಮಿಗೆ ತಂಗಿಯನ್ನು ಕರೆಯುವುದನ್ನು ಕೈಬಿಡಲೇ ಎಂದೂ ಕೇಳಿದ್ದೀಯ. ಬೇಡ. ಹಾಳೆಯಲ್ಲಿ ಶ್ರಾವಣದ ಮುಂದೆ ಅದನ್ನೇ ಮೊದಲು ಬರೆ: ಹೋಗಿ ಬರುವ ಖರ್ಚು, ಶೇಂಗಾ, ಎಳ್ಳು, ಬೆಲ್ಲ, ಅವಳಿಗೊಂದು ಸೀರೆ. ಉಂಡಿ ಕಟ್ಟಲು ಎಲ್ಲರೂ ಕೈ ಹಾಕಿದರೆ ಅಂಗಡಿಯಿಂದ ತರುವ ಖರ್ಚೂ ಉಳಿಯುತ್ತದೆ. ಸಾಲದಿದ್ದರೆ ದೀಪಾವಳಿಯ ಬಟ್ಟೆಯನ್ನು ಮಗಳಿಗಷ್ಟೇ ತನ್ನಿ. ಯಾವುದನ್ನು ಹಿಂದೆ ಸರಿಸುವುದೆಂದು ವೈನಿಯನ್ನು ಕೇಳಿಯೇ ತೀರ್ಮಾನಿಸು. ಹಾಳೆ ತಯಾರಾದ ಮೇಲೆ ಫೋಟೊ ತೆಗೆದು ಕಳಿಸು, ಆರ್.ಡಿ. ಎಷ್ಟರದು ಮಾಡಬೇಕೆಂದು ಕೂಡಿಯೇ ನೋಡೋಣ.

ನಿನ್ನ ಗೆಳೆಯ