ಧರ್ಮಬೋಧೆ ವಿಜ್ಞಾನಕ್ಕೆ ಎದುರಾಳಿಯಲ್ಲ

ಮಾನ್ಯರೇ,

ಕ್ರೈಸ್ತ ಪ್ರಾಥಮಿಕ ಶಾಲೆಯ ಧರ್ಮಬೋಧೆಯಲ್ಲಿ ಆರು ದಿನಗಳ ಸೃಷ್ಟಿಯ ಕಥೆ ಕೇಳಿದ ಮಗು, ಭೂಮಿಗೆ ಸುಮಾರು 450 ಕೋಟಿ ವರ್ಷವೆಂದು ವಿಜ್ಞಾನದ ಪಾಠದಲ್ಲಿ ತಿಳಿದಾಗ ಯಾವುದು ನಿಜವೆಂದು ಕೇಳುವುದು ಸಹಜ. ಗದರಿಸಿ ಅದರ ಬಾಯಿ ಮುಚ್ಚಿಸುವುದು ಸಲ್ಲದು. ಬಟಾಣಿ ಗಿಡಗಳಲ್ಲಿ ಆನುವಂಶಿಕತೆಯ ನಿಯಮಗಳನ್ನು ಕಂಡುಕೊಂಡು 1866ರಲ್ಲಿ ಪ್ರಕಟಿಸಿದ ಮೆಂಡೆಲ್ ಕ್ರೈಸ್ತ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲೇ ಬರೆದ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿ. ಸಂತರ ಕಥೆಗಳ ನಡುವೆ ಇವರಿಗೂ ಒಂದಿಷ್ಟು ಜಾಗವಿರಲಿ.

ಇನ್ನು, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28(3)ನೇ ವಿಧಿ. ಎಲ್ಲ ಧರ್ಮದ ಮಕ್ಕಳೂ ಕಲಿಯುವ ಮಂಗಳೂರಿನ ಇಂಥ ಶಾಲೆಗಳು ದಾಖಲಾತಿಯ ವೇಳೆಯೇ ಆ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯುವುದು ಒಳ್ಳೆಯದು.

– ಒಬ್ಬ ಪೋಷಕ, ಮಂಗಳೂರು