ನಲಿಕಲಿ ಕ್ಲಾಸಿಗೆ ಟಿವಿ ಬಂತು, ಕರೆಂಟ್ ಯಾವಾಗ?

ಸಂಪಾದಕರೇ,

ಸರ್ಕಾರಿ ಸ್ಕೂಲಿಗೆ ಸ್ಮಾರ್ಟ್ ಕ್ಲಾಸ್ ಬಂತು ಅಂತ ಪೇಪರಲ್ಲಿ ಫೋಟೋ ನೋಡಿದ್ರೆ ಖುಷಿನೇ, ಆದ್ರೆ ನಲಿಕಲಿ ಅಂದ್ರೆ ಆಡ್ತಾ ನಲೀತಾ ಕಲಿಯೋ ಪದ್ಧತೀಲಿ ಓದೋ ಒಂದನೇ ಎರಡನೇ ಕ್ಲಾಸಿನ ಮಕ್ಕಳಿಗೆ ಅದು ಎಷ್ಟು ಉಪಯೋಗಕ್ಕೆ ಬರ್ತಿದೆ ಅಂತಾನೂ ಯಾರಾದ್ರೂ ನೋಡ್ಬೇಕಲ್ವಾ. ನಮ್ಮೂರಿನ ಸ್ಕೂಲಲ್ಲಿ ದೊಡ್ಡ ಟಿವಿ ಇದೆ, ಧೂಳು ಕೂರದೇ ಇರ್ಲಿ ಅಂತ ಬೆಡ್‌ಶೀಟ್ ಹೊದಿಸಿದಾರೆ, ಮಧ್ಯಾಹ್ನ ಕರೆಂಟ್ ಇರಲ್ಲ, ಇದ್ದಾಗ ಮಿಸ್ಸು ಹಾಜರಾತಿ, ಬಿಸಿಯೂಟ, ಮೊಟ್ಟೆ ಲೆಕ್ಕ ಎಲ್ಲಾ ಮೊಬೈಲಲ್ಲಿ ತುಂಬಿಸ್ತಾ ಕೂತಿರ್ತಾರೆ, ಪಾಪ ಅವರಿಗೆ ಟೆಕ್ನಾಲಜಿ ಅಂದ್ರೆ ಅಷ್ಟೇ ಆಗಿಹೋಗಿದೆ.

ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದ್ರೆ 2017ರಲ್ಲಿ ಶುರುವಾದ ದೀಕ್ಷಾ ಅನ್ನೋ ಸರ್ಕಾರಿ ಆನ್‌ಲೈನ್ ಪಾಠದ ಆ್ಯಪಲ್ಲಿ ವಿಡಿಯೋ ಬರತ್ತೆ, ಒಳ್ಳೇದೇ. ಆದ್ರೆ ಎಷ್ಟೋ ಮನೇಲಿ ಇರೋ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗಿರತ್ತೆ!

1995ರಲ್ಲಿ ಎಚ್.ಡಿ. ಕೋಟೆಲಿ ಶುರುವಾದ ನಲಿಕಲಿ ನೋಡಿ, ಕಾರ್ಡು, ಪಾಠದ ಹಂತಗಳನ್ನ ಒಂದೊಂದಾಗಿ ತೋರ್ಸೋ ಕಲಿಕಾ ಏಣಿ ಇಟ್ಕೊಂಡು ಮಗು ತನ್ನ ಸ್ಪೀಡಲ್ಲಿ ಕಲಿಯತ್ತೆ, ಟಿವಿ ಎಲ್ರಿಗೂ ಒಂದೇ ಸ್ಪೀಡಲ್ಲಿ ಓಡತ್ತೆ. ಟಿವಿ ಬೇಡ ಅಂತಲ್ಲ, ಪದ್ಯ ಕೇಳ್ಸೋಕೆ, ಸಮುದ್ರ ನೋಡದ ಮಕ್ಕಳಿಗೆ ಸಮುದ್ರ ತೋರ್ಸೋಕೆ ಬೇಕೇ ಬೇಕು. ಅದಕ್ಕೆ ಮೊದ್ಲು ಒಂದು ಯುಪಿಎಸ್ ಕೊಡಿ, ವಿಡಿಯೋಗಳನ್ನ ಪೆನ್‌ಡ್ರೈವಿಗೆ ಹಾಕಿ ಕಳ್ಸಿ, ಡಾಟಾ ಎಂಟ್ರಿಗೆ ಬೇರೆಯವರನ್ನ ಇಡಿ.

– ಒಬ್ಬ ಪೋಷಕ, ತಿಪಟೂರು ತಾಲ್ಲೂಕು