ಅಡುಗೆ ಪಾತ್ರೆ: ಭಯ ಬೇಡ, ಬಳಕೆ ತಿಳಿದಿರಲಿ

ಮಾನ್ಯ ಸಂಪಾದಕರೇ,

ಅಲ್ಯೂಮಿನಿಯಂ ವಿಷ, ನಾನ್‌ಸ್ಟಿಕ್‌ನಿಂದ ಕ್ಯಾನ್ಸರ್, ತಾಮ್ರವೇ ಅಮೃತ ಎಂಬ ಸಂದೇಶಗಳು ಮೊಬೈಲ್‌ಗಳಲ್ಲಿ ಎಡೆಬಿಡದೆ ಹರಿದಾಡುತ್ತಿವೆ. ಇವನ್ನು ನಂಬಿ ಚೆನ್ನಾಗಿರುವ ಪಾತ್ರೆಗಳನ್ನು ಗುಜರಿಗೆ ಹಾಕುವವರು, ನಿಜಕ್ಕೂ ತೊಂದರೆ ಕೊಡುವ ಅಭ್ಯಾಸಗಳನ್ನು ಮಾತ್ರ ಬಿಡುತ್ತಿಲ್ಲ. ಪಾತ್ರೆಯಿಂದ ಅಡುಗೆಗೆ ಏನಾದರೂ ಇಳಿಯುವುದು ಬಹುಮಟ್ಟಿಗೆ ಹುಳಿ, ಕಾವು ಮತ್ತು ಹೊತ್ತು ಈ ಮೂರರ ಲೆಕ್ಕ. ಯಾವ ಪಾತ್ರೆಗೆ ಇವುಗಳಲ್ಲಿ ಯಾವುದು ಆಗಿಬರುವುದಿಲ್ಲ ಎಂದು ಗೊತ್ತಿರಬೇಕು.

ನಾನ್‌ಸ್ಟಿಕ್‌ಗೆ ಆಗದಿರುವುದು ಕಾವು. ಅಡುಗೆ ಅಂಟದಂತೆ ಅದಕ್ಕೆ ಬಳಿದಿರುವ ಪಿಟಿಎಫ್‌ಇ (ಟೆಫ್ಲಾನ್) ಪದರ ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ಗಟ್ಟಿಯಾಗಿರುತ್ತದೆ. ಖಾಲಿ ಬಾಣಲೆಯನ್ನು ಜೋರು ಉರಿಯಲ್ಲಿಟ್ಟು ಈರುಳ್ಳಿ ಹೆಚ್ಚಲು ಕುಳಿತರೆ ಕೆಲವೇ ನಿಮಿಷಗಳಲ್ಲಿ ಆ ಮಿತಿ ದಾಟುತ್ತದೆ. 350 ಡಿಗ್ರಿ ಮೀರಿದರೆ ಪದರ ಒಡೆದು ಹೊಗೆ ಬಿಡುತ್ತದೆ. ಅದನ್ನು ಉಸಿರಾಡಿದವರಿಗೆ ಚಳಿಜ್ವರ, ಕೆಮ್ಮು, ಎದೆಬಿಗಿತ ಬರಬಹುದು. ಪಂಜರದ ಹಕ್ಕಿಗಳಂತೂ ಬದುಕುವುದು ಕಷ್ಟ. ಹಾಗಾಗಿ ಎಣ್ಣೆ ಹಾಕಿದ ಮೇಲೆಯೇ ಒಲೆ ಹಚ್ಚಿ, ಉರಿ ಮಧ್ಯಮದಲ್ಲಿರಲಿ. ಬಹುತೇಕ ರಿಫೈನ್ಡ್ ಎಣ್ಣೆಗಳು 260ಕ್ಕೆ ಮೊದಲೇ ಹೊಗೆಯಾಡುವುದರಿಂದ ಎಣ್ಣೆಯೇ ಎಚ್ಚರಿಕೆ ಕೊಡುತ್ತದೆ. ಕಾದ ಬಾಣಲೆಯನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ತಟ್ಟನೆ ತಣಿದು ತಳ ಉಬ್ಬಿದರೆ ಎಣ್ಣೆ ಅಂಚಿಗೆ ಸರಿದು ನಡುಭಾಗ ಒಣಗಿ ಸುಡುತ್ತದೆ. ಪದರದ ಚೂರು ಹೊಟ್ಟೆಗೆ ಹೋದರೆ ಕರಗದೆ ಹಾಗೆಯೇ ಹೊರಹೋಗುತ್ತದೆ. ಕ್ಯಾನ್ಸರ್‌ಕಾರಕವೆಂದು 2023ರಲ್ಲಿ ವರ್ಗೀಕರಿಸಲಾದದ್ದು ಪಿಎಫ್‌ಒಎ. ಅದು ಹಿಂದೆ ಪದರದ ತಯಾರಿಕೆಯಲ್ಲಿ ಬಳಸುತ್ತಿದ್ದ ರಾಸಾಯನಿಕ. 2019ರಲ್ಲೇ ಅದು ಅಪಾಯಕಾರಿ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿ ಸೇರಿದೆ. ಪದರ ಕಿತ್ತುಬಂದ ಬಾಣಲೆಯನ್ನು ಮಾತ್ರ ಬದಲಿಸಿಬಿಡಿ.

ಅಲ್ಯೂಮಿನಿಯಂಗೆ ಹುಳಿಯೂ ಆಗದು, ಸೋಡಾದಂಥ ಕ್ಷಾರವೂ ಆಗದು. ಮೇಲಿನ ತೆಳು ಆಕ್ಸೈಡ್ ಪದರವನ್ನು ಎರಡೂ ಕರಗಿಸುತ್ತವೆ. ಟೊಮೆಟೊ, ವಿನೆಗರ್ ಹಾಕಿದ ಅಡುಗೆಯನ್ನು ಅದರಲ್ಲಿ ಬಹಳ ಹೊತ್ತು ಕುದಿಸಬೇಡಿ, ರಾತ್ರಿಯಿಡೀ ಬಿಡಲೇಬೇಡಿ. ಆನೊಡೈಸ್ ಮಾಡಿದ್ದಾದರೆ (ವಿದ್ಯುತ್ ಹಾಯಿಸಿ ಆ ಆಕ್ಸೈಡನ್ನು ಬೆಳೆಸಿದ್ದಾದರೆ) ಪದರ ದಪ್ಪ, ಬಾಳಿಕೆ ಹೆಚ್ಚು. ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ಕಾಯಿಲೆ ಬರುತ್ತದೆ ಎಂಬುದು ಸಾಬೀತಾಗಿಲ್ಲ. ಹೆದರಬೇಕಾದದ್ದು ಹಳೆಯ ಎಂಜಿನ್ ಭಾಗ, ಬ್ಯಾಟರಿ ತಗಡಿನಂಥ ಗುಜರಿ ಕರಗಿಸಿ ಎರಕ ಹೊಯ್ದ ಪಾತ್ರೆಗಳಿಗೆ. ಅವುಗಳಲ್ಲಿ ಸೀಸ ಬೆರೆತಿರಬಹುದು. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಸರಿಹೋಗುವಂಥದ್ದಲ್ಲ.

ತಾಮ್ರ, ಹಿತ್ತಾಳೆ ಪಾತ್ರೆಗಳ ಸುರಕ್ಷತೆ ನಿಂತಿರುವುದು ಕಲಾಯಿಯ ಮೇಲೆ. ಹುಳಿ ನೇರವಾಗಿ ತಾಮ್ರಕ್ಕೆ ತಗುಲಿದರೆ ತಾಮ್ರ ಅಡುಗೆಗಿಳಿದು, ತಿಂದವರಿಗೆ ಹೊಟ್ಟೆನೋವು, ವಾಂತಿ ಶುರುವಾಗಬಹುದು. ಕಲಾಯಿಯ ತವರ 232 ಡಿಗ್ರಿಗೇ ಕರಗುವುದರಿಂದ ಖಾಲಿ ಪಾತ್ರೆ ಕಾಯಿಸುವಂತಿಲ್ಲ, ಲೋಹದ ಸೌಟು, ಸ್ಕ್ರಬ್ಬರ್ ಸೋಕಿಸುವಂತಿಲ್ಲ. ತಿಕ್ಕಿದ ಮೇಲೆ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ: ಬೂದುಬಣ್ಣದ ನಡುವೆ ಕೆಂಪೋ ಹಳದಿಯೋ ಇಣುಕುತ್ತಿದ್ದರೆ ಮತ್ತೆ ಕಲಾಯಿ ಹಾಕಿಸುವವರೆಗೆ ಅದರಲ್ಲಿ ಅಡುಗೆ ಬೇಡ. ಹಾಕಿಸುವಾಗ ಶುದ್ಧ ತವರವೇ ಆಗಬೇಕೆಂದು ಕೇಳಿ. ಬೆಸುಗೆಯ ತವರದಲ್ಲಿ ಸೀಸ ಇರುವುದುಂಟು.

ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ ಎರಡು ಮಾತು. ತಣ್ಣೀರಿಗೆ ಉಪ್ಪು ಸುರಿದರೆ ಹರಳು ತಳಕ್ಕಿಳಿದು ಕೂತಲ್ಲೇ ತುಕ್ಕು ತಡೆಯುವ ಕ್ರೋಮಿಯಂ ಆಕ್ಸೈಡ್ ಪದರವನ್ನು ಕೊರೆದು ಸೂಜಿಮೊನೆಯಷ್ಟು ಗುಳಿಗಳನ್ನು ಮಾಡಬಹುದು. ಎಷ್ಟು ತಿಕ್ಕಿದರೂ ಅವು ಹೋಗವು. ನೀರು ಕುದಿಬಂದ ಮೇಲೆ ಉಪ್ಪು ಹಾಕಿ ಕಲಕಿ. ಪಾತ್ರೆಯೊಳಗೆ ಕಾಣುವ ಬಿಳಿ ಕಲೆ ನೀರಿನ ಸುಣ್ಣದ್ದು. ಒಂದು ಪಾಲು ವಿನೆಗರ್, ಮೂರು ಪಾಲು ನೀರು ಕುದಿಸಿದರೆ ಬಿಡುತ್ತದೆ. ಆಯಸ್ಕಾಂತ ಹಿಡಿದು ಗುಣಮಟ್ಟ ಅಳೆಯುವುದು ತಪ್ಪು: ಒಳ್ಳೆಯ 304 ದರ್ಜೆಗೂ ಅಗ್ಗದ 202 ದರ್ಜೆಗೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ, ಇಂಡಕ್ಷನ್ ತಳಕ್ಕಾದರೆ ಅಂಟಲೇಬೇಕು.

ಬೀಡುಕಬ್ಬಿಣದ ಹೆಂಚು ಅಂಟಂಟಾಗಿದೆ ಎನ್ನುವವರು ಪಳಗಿಸುವಾಗ ಎಣ್ಣೆ ಹೆಚ್ಚು ಸವರಿರುತ್ತಾರೆ. ತೊಳೆದು, ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ, ಸವರಿಯೇ ಇಲ್ಲವೆನ್ನುವಷ್ಟು ಒರೆಸಿ. ಆಮೇಲೆ ಓವನ್‌ನಲ್ಲಿ 230ರಿಂದ 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ. ಮೂರು ನಾಲ್ಕು ಸುತ್ತು ಹೀಗೆ ಮಾಡಿದರೆ ಎಣ್ಣೆ ಗಟ್ಟಿ ಕಪ್ಪು ಪದರವಾಗಿ ಕೂರುತ್ತದೆ. ಸೌಮ್ಯ ಸೋಪಿನಿಂದ ಅದಕ್ಕೆ ಕೆಡುಕಿಲ್ಲ, ನೆನೆಹಾಕಿದರೆ ತುಕ್ಕು ಖಂಡಿತ.

ಇಷ್ಟೆಲ್ಲ ತಿಳಿದರೂ ಕೈಯಲ್ಲಿರುವ ಪಾತ್ರೆ ಯಾವುದರಿಂದ ಆದದ್ದೆಂದೇ ಗೊತ್ತಾಗದಿದ್ದರೆ ಬಳಸುವವರು ಏನು ಮಾಡಬೇಕು? ಲೋಹದ ದರ್ಜೆ, ಒಳಪದರ ಯಾವುದು, ತಡೆಯಬಲ್ಲ ಗರಿಷ್ಠ ಉಷ್ಣತೆ ಎಷ್ಟು ಎಂಬ ಮೂರು ವಿವರಗಳನ್ನು ತಯಾರಕರು ಪಾತ್ರೆಯ ತಳದಲ್ಲೇ ಅಚ್ಚೊತ್ತಬೇಕು. ರಟ್ಟಿನ ಪೆಟ್ಟಿಗೆಯ ಮೇಲೆ ಮುದ್ರಿಸಿದರೆ ಸಾಲದು. ಅದು ಮೊದಲ ದಿನವೇ ಕಸಕ್ಕೆ ಹೋಗುತ್ತದೆ.

– ಒಬ್ಬ ಓದುಗ